ಪ್ರಾಗ್‌ನಿಂದ ವಿಯೆನ್ನಾಗೆ ಡ್ರೈವರ್ ಸಮೇತ ಕಾರು: ಬುಕ್ ಮಾಡೋದರಿಂದ ಹಿಡಿದು ಇಳಿಯೋವರೆಗೆ

ಯೂರೋಪ್ ಟ್ರಿಪ್ ಪ್ಲಾನ್ ಮಾಡೋರಿಂದ ಈ ಪ್ರಶ್ನೆ ತಪ್ಪದೇ ಬರ್ತಾ ಇರತ್ತೆ. ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ತಿದೀವಿ, ಪ್ರಾಗ್ ಆದ್ಮೇಲೆ ವಿಯೆನ್ನಾ, ಟ್ರೈನಿಗೆ ಲಗೇಜ್ ಹತ್ತಿಸಿ ಇಳಿಸೋದು ಕಷ್ಟ, ಡ್ರೈವರ್ ಇರೋ ಕಾರು ಸಿಗತ್ತಾ, ಎಷ್ಟಾಗತ್ತೆ, ನಂಬಬಹುದಾ ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರಿಯೋ ಬದಲು ಎಲ್ಲಾ ಒಂದೇ ಕಡೆ ಹಾಕ್ತಿದೀನಿ. ಉದಾಹರಣೆಗೆ ಪ್ರಾಗ್-ವಿಯೆನ್ನಾನೇ ಇಟ್ಕೊಂಡಿದೀನಿ, ಯಾಕಂದ್ರೆ ಕೇಳೋರಲ್ಲಿ ಮುಕ್ಕಾಲು ಪಾಲು ಜನ ಇದೇ ದಾರಿಯವರು. ಬೇರೆ ಯಾವ ಎರಡು ಊರುಗಳ ನಡುವೆ ಹೋಗೋದಾದ್ರೂ ಹೆಚ್ಚುಕಮ್ಮಿ ಇದೇ ಲೆಕ್ಕ, ಒಂದು ವಿಷಯ ಬಿಟ್ಟು, ಅದನ್ನ ಮೂರನೇ ಹಂತದಲ್ಲಿ ಹೇಳ್ತೀನಿ.

ಮೊದಲು ಇದು ಏನು ಅನ್ನೋದು ಸ್ಪಷ್ಟ ಮಾಡ್ಕೊಳ್ಳಿ. ಪ್ರೈವೇಟ್ ಟ್ರಾನ್ಸ್‌ಫರ್ ಅಂದ್ರೆ ಕಾರು, ಡ್ರೈವರ್ ಎರಡೂ ನಿಮ್ಮ ಗುಂಪಿಗೆ ಮಾತ್ರ, ಒಂದು ಹೋಟೆಲ್ ಬಾಗಿಲಿಂದ ಇನ್ನೊಂದು ಹೋಟೆಲ್ ಬಾಗಿಲಿಗೆ, ರೇಟು ಮೊದಲೇ ಫಿಕ್ಸ್. ಶೇರ್ಡ್ ಶಟಲ್ ಅಂದ್ರೆ ವ್ಯಾನಲ್ಲಿ ಬೇರೆಯವರೂ ಇರ್ತಾರೆ, ಸೀಟಿಗೆ ಇಷ್ಟು ಅಂತ ದುಡ್ಡು, ಟೈಮ್ ಅವರದ್ದು. ಎರಡಕ್ಕೂ ಹುಡುಕಿದಾಗ ಒಂದೇ ಪೇಜಲ್ಲಿ ರಿಸಲ್ಟ್ ಬರ್ತವೆ, "ಅಯ್ಯೋ ಇಷ್ಟು ಕಡಿಮೆನಾ" ಅಂತ ಖುಷಿಯಾಗಿ ಬುಕ್ ಮಾಡಿ ಆಮೇಲೆ ನೋಡಿದ್ರೆ ಅದು ಶೇರ್ಡ್ ಆಗಿರತ್ತೆ.

ಇನ್ನೊಂದು ಮಾತು. ಇದು ನಮ್ಮಲ್ಲಿ ಇನ್ನೋವಾ ಮಾಡ್ಕೊಂಡು ಧರ್ಮಸ್ಥಳ ಸುಬ್ರಹ್ಮಣ್ಯ ಸುತ್ತಿ ಬರೋ ಥರ ಅಲ್ಲ. ಅಲ್ಲಿ ಕಿಲೋಮೀಟರ್ ಲೆಕ್ಕ, ಬಾಟಾ, ದಾರೀಲಿ ಎಲ್ಲಿ ಬೇಕಾದ್ರೂ "ಒಂಚೂರು ಸೈಡಿಗೆ ಹಾಕಿ" ಅನ್ಬಹುದು. ಇಲ್ಲಿ ನೀವು ಕೊಂಡ್ಕೊಳ್ಳೋದು ದಾರಿ ಮತ್ತೆ ಟೈಮ್. ಎಲ್ಲಿ ನಿಲ್ತೀರಿ, ಎಷ್ಟು ಹೊತ್ತು ನಿಲ್ತೀರಿ ಅನ್ನೋದು ಬುಕಿಂಗಲ್ಲೇ ಬರೆದಿರಬೇಕು. ಬಂದಿರೋ ದೂರುಗಳಲ್ಲಿ ಹೆಚ್ಚಿನವು ಇದೊಂದು ಬರೆಸ್ಕೊಳ್ದೇ ಇದ್ದಿದ್ದಕ್ಕೇ.

1. ನಿಮಗೆ ಕಾರು ನಿಜವಾಗ್ಲೂ ಬೇಕಾ?

ಇದನ್ನ ಮೊದಲೇ ಕೇಳ್ಕೊಂಡ್ರೆ ದುಡ್ಡು ಉಳಿಯತ್ತೆ. ಪ್ರಾಗ್ ಮೇನ್ ಸ್ಟೇಷನ್‌ನಿಂದ ವಿಯೆನ್ನಾ ಮೇನ್ ಸ್ಟೇಷನ್‌ಗೆ ನೇರ ರೇಲ್‌ಜೆಟ್ ಟ್ರೈನ್ ಇದೆ, ಸುಮಾರು ನಾಲ್ಕು ಗಂಟೆ, ರೆಜಿಯೋಜೆಟ್ ಅನ್ನೋ ಹಳದಿ ಟ್ರೈನೂ ಇದೆ, ಮುಂಚೆನೇ ತಗೊಂಡ್ರೆ ಟಿಕೆಟ್ ಅಗ್ಗ. ಕಾರಲ್ಲಿ ನೇರ ಹೋದ್ರೂ ಸುಮಾರು 330 ಕಿಮೀ, ಟ್ರಾಫಿಕ್ ಇಲ್ಲದಿದ್ರೆ ನಾಲ್ಕು ಗಂಟೆ ಹತ್ತಿರ ಹತ್ತಿರ. ಅಂದ್ರೆ ಟೈಮಲ್ಲಿ ಏನೂ ಲಾಭ ಇಲ್ಲ. ಇಬ್ಬರೇ ಇದೀರಾ, ಗಟ್ಟಿಮುಟ್ಟಾಗಿದೀರಾ, ಒಬ್ಬೊಬ್ಬರಿಗೆ ಒಂದೊಂದು ಸೂಟ್‌ಕೇಸ್, ದಾರೀಲಿ ಎಲ್ಲೂ ಇಳಿಯೋ ಆಸೆ ಇಲ್ಲ ಅಂದ್ರೆ ಟ್ರೈನಲ್ಲೇ ಹೋಗಿ, ಈ ಲೇಖನ ಇಲ್ಲಿಗೇ ಬಿಡಬಹುದು.

ಕಾರು ಯಾವಾಗ ಸರಿ ಅಂದ್ರೆ, ಮಂಡಿ ನೋವಿರೋ ಹಿರಿಯರು ಇದ್ದಾಗ, ಚಿಕ್ಕ ಮಗು ಸ್ಟ್ರೋಲರ್ ಎಲ್ಲಾ ಇದ್ದಾಗ, ನಾಲ್ಕೈದು ಜನ ಇದ್ದು ಖರ್ಚು ಹಂಚಿ ಹೋಗುವಾಗ, ಎಲ್ಲಕ್ಕಿಂತ ಮುಖ್ಯವಾಗಿ ದಾರೀಲಿ ಒಂದು ಊರು ನೋಡ್ಬೇಕು ಅಂತ ಇದ್ದಾಗ. ನನ್ನ ಪ್ರಕಾರ ಈ ಕೊನೇದೇ ನಿಜವಾದ ಕಾರಣ. ನಡುವೆ ಸ್ಟಾಪ್ ಇಲ್ಲದ ಟ್ರಾನ್ಸ್‌ಫರ್‌ಗೆ ಅಷ್ಟು ಯೂರೋ ಕೊಡೋದು ನನಗಂತೂ ಮನಸ್ಸಿಗೆ ಬರಲ್ಲ.

ರೇಟ್ ಬಗ್ಗೆ ಒಂದು ಅಂದಾಜು ಇರ್ಲಿ. ನೇರ ಪ್ರಯಾಣಕ್ಕೆ ಸೆಡಾನ್ ಆದ್ರೆ ಕೋಟ್‌ಗಳು, ಅಂದ್ರೆ ಕಂಪನಿಯವರು ಹೇಳೋ ರೇಟುಗಳು, ಹೆಚ್ಚಾಗಿ 250ರಿಂದ 400 ಯೂರೋ ಒಳಗೆ ಓಡಾಡ್ತವೆ, ವ್ಯಾನ್, ಸ್ಟಾಪ್, ಬೇಸಿಗೆ ಸೀಸನ್, ಕ್ರಿಸ್ಮಸ್ ಟೈಮ್ ಅಂದ್ರೆ ಮೇಲಕ್ಕೆ. ಯಾಕಿಷ್ಟು ಅಂದ್ರೆ ಡ್ರೈವರ್ ನಿಮ್ಮನ್ನ ಬಿಟ್ಟು ಖಾಲಿ ಗಾಡೀಲಿ ಅಷ್ಟೇ ದೂರ ವಾಪಸ್ ಹೋಗ್ಬೇಕು, ಆ ಖರ್ಚು ನಿಮ್ಮ ರೇಟಲ್ಲೇ ಸೇರಿರತ್ತೆ. ರೇಟು ತಲೆಗಲ್ಲ, ಗಾಡಿಗೆ. ಹಾಗಾಗಿ ಇಬ್ಬರಿಗೆ ದುಬಾರಿ ಅನ್ಸೋದು ಆರು ಜನಕ್ಕೆ ಪರವಾಗಿಲ್ಲ ಅನ್ಸತ್ತೆ.

2. ತಲೆ ಎಣಿಸಿ, ಆಮೇಲೆ ಸೂಟ್‌ಕೇಸ್ ಎಣಿಸಿ

ಎಲ್ಲರೂ ತಲೆ ಎಣಿಸ್ತಾರೆ, ಸೂಟ್‌ಕೇಸ್ ಮರೀತಾರೆ. ಸೆಡಾನ್ ಅಂದ್ರೆ ಸಾಮಾನ್ಯವಾಗಿ ಮೂರು ಜನ, ಎರಡು ಮೂರು ದೊಡ್ಡ ಬ್ಯಾಗ್. ಚೆಕ್ ಕಡೆ, ಅಂದ್ರೆ ಪ್ರಾಗ್ ಇರೋ ದೇಶದಲ್ಲಿ, ಹೆಚ್ಚಾಗಿ ಸ್ಕೋಡಾ ಗಾಡಿಗಳು ಬರ್ತವೆ, ಸ್ಕೋಡಾ ಸುಪರ್ಬ್ ಡಿಕ್ಕಿ ದೊಡ್ಡದು ನಿಜ, 600 ಲೀಟರ್ ದಾಟತ್ತೆ, ಹಾಗಂತ ಬೆಂಗಳೂರಿಂದ ತಂದಿರೋ 23 ಕೆಜಿಯ ನಾಲ್ಕು ದೊಡ್ಡ ಸೂಟ್‌ಕೇಸ್, ಮೇಲೆ ನಾಲ್ಕು ಕ್ಯಾಬಿನ್ ಬ್ಯಾಗ್, ಅದರ ಮೇಲೆ ಪ್ರಾಗಲ್ಲಿ ತಗೊಂಡ ಗಾಜಿನ ಸಾಮಾನಿನ ಡಬ್ಬ ಹಿಡಿಯಲ್ಲ. ನಾಲ್ಕು ಜನ ದೊಡ್ಡವರು, ತಲಾ ಒಂದು ದೊಡ್ಡ ಸೂಟ್‌ಕೇಸ್ ಅಂದ್ರೆ ಕಣ್ಮುಚ್ಚಿ ವ್ಯಾನ್ ಹಾಕಿ. ನಮ್ಮ ಕಡೆ ಥರ ಮೇಲೆ ಕ್ಯಾರಿಯರ್‌ಗೆ ಹಗ್ಗ ಬಿಗಿದು ಕಟ್ಟೋದು, ಮಡಿಲಲ್ಲಿ ಇಟ್ಕೊಂಡು ಕೂರೋದು ಇಲ್ಲಿ ನಡೆಯಲ್ಲ, ಡ್ರೈವರ್ ಒಪ್ಪಲ್ಲ. ಬೆಳಿಗ್ಗೆ ಹೋಟೆಲ್ ಮುಂದೆ ಡಿಕ್ಕಿ ಮುಚ್ಚದೇ ಇದ್ರೆ ಎರಡನೇ ಗಾಡಿ ಹುಡುಕ್ಬೇಕು, ಆವಾಗ ಸಿಗೋ ರೇಟಿಗೆ.

ಬುಕಿಂಗ್ ಫಾರ್ಮಲ್ಲಿ "ಲಗೇಜ್ 4" ಅಂತ ಬರೆದ್ರೆ ಸಾಲದು. ದೊಡ್ಡದು ಇಷ್ಟು, ಕ್ಯಾಬಿನ್ ಸೈಜ್ ಇಷ್ಟು, ಸ್ಟ್ರೋಲರ್ ಅಥವಾ ವೀಲ್‌ಚೇರ್ ಇದ್ರೆ ಅದು ಮಡಚತ್ತೋ ಇಲ್ವೋ, ಇಷ್ಟೂ ಬರೀರಿ.

ಜನ ಜಾಸ್ತಿ ಇದ್ರೆ ಒಂದು ಗಡಿ ಗೊತ್ತಿರ್ಲಿ. ಅಲ್ಲಿ ಸಾಮಾನ್ಯ ಕಾರ್ ಲೈಸೆನ್ಸಲ್ಲಿ ಡ್ರೈವರ್ ಬಿಟ್ಟು 8 ಜನ ಮಾತ್ರ ಕೂರಿಸ್ಬಹುದು. ಒಂಬತ್ತನೆಯವರು ಸೇರಿದ ಕೂಡ್ಲೆ ಎರಡು ಗಾಡಿ ಅಥವಾ ಮಿನಿಬಸ್ ಅಂತಾಗತ್ತೆ, ರೇಟು ಒಂದೇ ಸಲ ಎಗರತ್ತೆ. ಮಿನಿಬಸ್ ಅಂದ್ರೆ ಯೂರೋಪಿಯನ್ ಯೂನಿಯನ್ ರೂಲ್ ಪ್ರಕಾರ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಡ್ರೈವರ್ 45 ನಿಮಿಷ ರೆಸ್ಟ್ ತಗೊಳ್ಳೇಬೇಕು. ಬೇಗ ಹೋಗೋಣ ಅಂತ ಅವನನ್ನ ಅವಸರ ಮಾಡಿ ಪ್ರಯೋಜನ ಇಲ್ಲ. ಮಗುವನ್ನೂ ಒಂದು ಸೀಟ್ ಅಂತಲೇ ಎಣಿಸ್ತಾರೆ, ಮಡಿಲಲ್ಲಿ ಕೂರಿಸ್ಕೋತೀವಿ ಅಂದ್ರೆ ಆಗಲ್ಲ.

ಚೈಲ್ಡ್ ಸೀಟ್ ವಿಷಯದಲ್ಲಿ ಎರಡು ದೇಶದ ನಿಯಮ ಬೇರೆ ಬೇರೆ. ಚೆಕ್‌ನಲ್ಲಿ 150 ಸೆಂಟಿಮೀಟರ್, 36 ಕೆಜಿ ಒಳಗಿರೋ ಮಕ್ಕಳಿಗೆ ಬೇಕು, ಆಸ್ಟ್ರಿಯಾದಲ್ಲಿ 14 ವರ್ಷದ ಒಳಗಿದ್ದು 135 ಸೆಂಟಿಮೀಟರ್‌ಗಿಂತ ಗಿಡ್ಡ ಇದ್ರೆ ಬೇಕು. ಹೊರಡೋದು ಚೆಕ್‌ನಿಂದ, ಹಾಗಾಗಿ ಅಲ್ಲಿನ ಅಳತೆನೇ ಹಿಡ್ಕೊಳ್ಳಿ. ಐದನೇ ಕ್ಲಾಸ್ ಹುಡುಗನಿಗೂ ಬೂಸ್ಟರ್ ಬೇಕಾಗಬಹುದು, ಬೂಸ್ಟರ್ ಅಂದ್ರೆ ಬೆಲ್ಟ್ ಸರಿಯಾಗಿ ಕೂರ್ಲಿ ಅಂತ ಕೆಳಗೆ ಹಾಕೋ ದಪ್ಪ ಸೀಟು. ಮಗುವಿನ ವಯಸ್ಸು, ಎತ್ತರ, ತೂಕ ಮೂರೂ ಬರೆದು ಕೇಳಿ.

3. ವೀಸಾ ಮತ್ತೆ ಗಡಿ

ಪ್ರಾಗ್-ವಿಯೆನ್ನಾಗೆ ಇದು ಸುಲಭ. ಎರಡೂ ಷೆಂಗನ್ ಒಳಗೆ, ಅಂದ್ರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪ್ ದೇಶಗಳ ಗುಂಪಿನೊಳಗೆ, ಒಂದೇ ಸಲ ಒಳಗೆ ಬಿಡೋ ಸಿಂಗಲ್ ಎಂಟ್ರಿ ವೀಸಾ ಇದ್ರೂ ಸಾಕು, ಗಡೀಲಿ ಸ್ಟಾಂಪ್ ಇಲ್ಲ. ಆದ್ರೂ ಪಾಸ್‌ಪೋರ್ಟ್ ಸೂಟ್‌ಕೇಸ್ ತಳಕ್ಕೆ ಹಾಕ್ಬೇಡಿ, ಪೊಲೀಸರು ಯಾವಾಗ ಬೇಕಾದ್ರೂ ನಿಲ್ಸಿ ಕೇಳ್ಬಹುದು, ಡಿಕ್ಕಿ ತೆಗ್ದು ಬಟ್ಟೆ ಎಲ್ಲಾ ರಸ್ತೆ ಮೇಲೆ ಹರಡೋ ಕೆಲಸ ಬೇಡ. ಹ್ಯಾಂಡ್‌ಬ್ಯಾಗಲ್ಲಿ ಇರ್ಲಿ.

ಮೊದಲು ಹೇಳಿದ ಆ ಒಂದು ವಿಷಯ ಇದೇ. ಬೇರೆ ದಾರಿಗೆ ಕಾರು ಮಾಡೋರು ಗಡಿ ಯಾವುದು ಅಂತ ಮ್ಯಾಪಲ್ಲಿ ನೋಡ್ಕೊಂಡೇ ಬುಕ್ ಮಾಡಿ. ಕ್ರೊಯೇಷಿಯಾ 2023ರ ಜನವರಿಯಿಂದ ಷೆಂಗನ್ ಒಳಗಿದೆ, ಆದ್ರೆ ಡುಬ್ರೋವ್ನಿಕ್‌ನಿಂದ ಬೋಸ್ನಿಯಾದ ಮೋಸ್ತಾರ್‌ಗೋ ಮಾಂಟೆನೆಗ್ರೋದ ಕೋಟೋರ್‌ಗೋ ಒಂದು ದಿನ ಹೋಗ್ಬರೋಣ ಅಂತ ಹೊರಟ್ರೆ ನೀವು ಷೆಂಗನ್ ಬಿಟ್ಟು ಹೊರಗೆ ಹೋದಹಾಗೆ. ಸಿಂಗಲ್ ಎಂಟ್ರಿ ವೀಸಾ ಇದ್ರೆ ಸಂಜೆ ವಾಪಸ್ ಒಳಗೆ ಬಿಡಲ್ಲ. ಡ್ರೈವರ್‌ಗೆ ಇದು ಗೊತ್ತಿರಲ್ಲ, ಅವನು ನಿಮ್ಮ ವೀಸಾ ನೋಡಲ್ಲ, ನೋಡೋದು ಅವನ ಕೆಲಸವೂ ಅಲ್ಲ.

ವೀಸಾ ಅಪ್ಲಿಕೇಷನ್ ಹಾಕುವಾಗ ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀರೋ ಆ ದೇಶಕ್ಕೆ ಹಾಕ್ಬೇಕು ಅನ್ನೋದು ಗೊತ್ತಿದ್ದಿದ್ದೇ. ಅದರ ಜೊತೆ ಕೊಡೋ ಪ್ಲಾನಲ್ಲಿ ಈ ಕಾರ್ ಬುಕಿಂಗ್ ಕನ್ಫರ್ಮೇಷನ್ನೂ ಸೇರಿಸಿ. ಹಾಗಾಗಿ ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರೋ ಥರದ್ದೇ ಬುಕ್ ಮಾಡೋದು ಒಳ್ಳೇದು, ವೀಸಾ ರಿಜೆಕ್ಟ್ ಆದ್ರೆ ಇದೂ ಮುಳುಗಬಾರದು.

4. ದಾರಿ ಮತ್ತೆ ಸ್ಟಾಪ್ ಆರಿಸ್ಕೊಳ್ಳಿ

ಇದಕ್ಕೆ ಟೈಮ್ ಕೊಡಿ, ಇಡೀ ದಿನ ಚೆನ್ನಾಗಿ ಹೋಗೋದು ಬಿಡೋದು ಇದರ ಮೇಲೆ ನಿಂತಿದೆ. ಪ್ರಾಗ್‌ನಿಂದ ವಿಯೆನ್ನಾಗೆ ಮುಖ್ಯವಾಗಿ ಎರಡು ದಾರಿ.

ಒಂದು, ಡಿ1 ಹೆದ್ದಾರೀಲಿ ಬ್ರನೋ ಕಡೆಯಿಂದ ಮಿಕುಲೋವ್ ದಾಟಿ ಆಸ್ಟ್ರಿಯಾ. ಇದು ಹತ್ತಿರದ ದಾರಿ. ಇದರಲ್ಲಿ ಸ್ಟಾಪ್‌ಗೆ ಕುಟ್ನಾ ಹೋರಾ, ಟೆಲ್ಚ್, ಬ್ರನೋ, ಮಿಕುಲೋವ್ ಇವೆ. ಕುಟ್ನಾ ಹೋರಾ ಪ್ರಾಗ್‌ನಿಂದ 80 ಕಿಮೀ ಒಳಗೇ, ಮೂಳೆಗಳಿಂದಲೇ ಅಲಂಕಾರ ಮಾಡಿರೋ ಸೆಡ್ಲೆಟ್ಸ್ ಚರ್ಚ್ ಅಲ್ಲಿದೆ. ಮನೆ ಹಿರಿಯರಿಗೆ, ಚಿಕ್ಕ ಮಕ್ಕಳಿಗೆ ಅದು ಹಿಡಿಸತ್ತಾ ಅಂತ ಮೊದಲೇ ಕೇಳಿ, ಒಳಗೆ ಹೋಗಿ ಮೂಗು ಮುರಿಯೋದಕ್ಕಿಂತ ಇದು ವಾಸಿ. ಫೋಟೋ ತೆಗೆಯೋಕೆ ಬಿಡಲ್ಲ, ಟಿಕೆಟ್ ಚರ್ಚ್ ಬಾಗಿಲಲ್ಲಿ ಸಿಗಲ್ಲ, ಹತ್ತಿರದ ಇನ್ಫರ್ಮೇಷನ್ ಸೆಂಟರಲ್ಲಿ ತಗೊಂಡು ಬರ್ಬೇಕು, ಆ ಓಡಾಟಕ್ಕೂ ಟೈಮ್ ಹಿಡೀರಿ. ಟೆಲ್ಚ್ ಚಿಕ್ಕದು, ಬಣ್ಣಬಣ್ಣದ ಮನೆಗಳ ಒಂದು ದೊಡ್ಡ ಚೌಕ, ಸಮತಟ್ಟು, ಒಂದು ಗಂಟೇಲಿ ಮುಗಿಯತ್ತೆ, ಮಂಡಿ ನೋವಿನವರಿಗೆ ಇದಕ್ಕಿಂತ ಒಳ್ಳೇ ಸ್ಟಾಪ್ ಇಲ್ಲ. ಬ್ರನೋದಲ್ಲಿ ಬಟಾಣಿ ಗಿಡದ ಮೆಂಡಲ್ ಇದ್ದ ಮಠ, ಮ್ಯೂಸಿಯಂ ಇದೆ, ಹೈಸ್ಕೂಲಲ್ಲಿ ಜೀವಶಾಸ್ತ್ರ ಓದಿರೋ ಯಾರಿಗಾದ್ರೂ ಖುಷಿ ಕೊಡೋ ಜಾಗ, ಆದ್ರೆ ನಗರದೊಳಗೆ ಹೋಗಿ ಬರೋದ್ರಲ್ಲಿ ಟೈಮ್ ಹೋಗತ್ತೆ. ಮಿಕುಲೋವ್ ಗಡಿ ಪಕ್ಕದಲ್ಲೇ, ಗುಡ್ಡದ ಮೇಲೆ ಕೋಟೆ, ಸುತ್ತ ದ್ರಾಕ್ಷಿ ತೋಟ.

ಇನ್ನೊಂದು, ದಕ್ಷಿಣಕ್ಕೆ ಇಳಿದು ಚೆಸ್ಕಿ ಕ್ರುಮ್ಲೋವ್ ಮೇಲೆ ವಿಯೆನ್ನಾ. ಎಲ್ಲರೂ ಕೇಳೋದು ಇದನ್ನೇ. ವಲ್ಟಾವಾ ನದಿ ಊರನ್ನ ಸುತ್ತಿ ಬಳಸಿಕೊಂಡು ಹೋಗತ್ತೆ, ಮೇಲೆ ಕೋಟೆ, 1992ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಊರು. ಪ್ರಾಗ್‌ನಿಂದ ಅಲ್ಲಿಗೆ ಎರಡೂವರೆ ಗಂಟೆ, ಅಲ್ಲಿಂದ ವಿಯೆನ್ನಾಗೆ ಮೂರು ಗಂಟೆ ಚಿಲ್ಲರೆ. ಅಂದ್ರೆ ಓಡಾಟವೇ ಐದೂವರೆ ಆರು ಗಂಟೆ, ನೇರ ದಾರಿಗಿಂತ ಎರಡು ಗಂಟೆ ಜಾಸ್ತಿ ಕಾರಲ್ಲಿ ಕೂರ್ಬೇಕು. ಬೆನ್ನು ನೋವಿರೋ ಅಪ್ಪನ್ನ ಕೇಳಿ ಆಮೇಲೆ ಹೂಂ ಅನ್ನಿ.

ಕ್ರುಮ್ಲೋವಲ್ಲಿ ಕಂಪನಿಯವರು ತಾವಾಗೇ ಒಂದೂವರೆ ಎರಡು ಗಂಟೆ ಅಂತ ಹಾಕಿರ್ತಾರೆ. ಸಾಲಲ್ಲ. ಹಳೇ ಊರೊಳಗೆ ಕಾರು ಬಿಡಲ್ಲ, ಹೊರಗಿನ ಪಾರ್ಕಿಂಗಲ್ಲಿ ಇಳಿಸ್ತಾರೆ, ಅಲ್ಲಿಂದ ನಡೀಬೇಕು, ಕಲ್ಲುಹಾಸಿನ ರಸ್ತೆ, ಏರು ಇಳಿಜಾರು. ಉಂಡೆ ಕಲ್ಲಿನ ಮೇಲೆ ಚಪ್ಪಲಿ ಹಾಕ್ಕೊಂಡು ಅತ್ತೆ ಅಮ್ಮಂದಿರು ನಡೆಯೋ ಸ್ಪೀಡಲ್ಲಿ ಲೆಕ್ಕ ಹಾಕಿ, ಗೂಗಲ್ ಮ್ಯಾಪ್ ಹತ್ತು ನಿಮಿಷ ಅಂದಿದ್ದು ಇಪ್ಪತ್ತಾಗತ್ತೆ. ಕೋಟೆ ಅಂಗಳದಲ್ಲಿ ಓಡಾಡೋಕೆ, ಎತ್ತರದ ಕಮಾನು ಸೇತುವೆ ಮೇಲಿಂದ ಊರು ನೋಡೋಕೆ ಟಿಕೆಟ್ ಬೇಡ, ಗೋಪುರ ಹತ್ತೋಕೆ ಬೇಕು. ಅರಮನೆ ಒಳಗಿನ ಟೂರ್ ಚಳಿಗಾಲದಲ್ಲಿ ಇರಲ್ಲ, ಸೀಸನ್‌ನಲ್ಲೂ ಸೋಮವಾರ ಸಾಮಾನ್ಯವಾಗಿ ರಜೆ, ಒಳಗೆ ನೋಡ್ಲೇಬೇಕು ಅನ್ನೋರು ವಾರ ನೋಡ್ಕೊಂಡು ಬುಕ್ ಮಾಡಿ. ಊಟ ಸೇರಿ ಮೂರು ಗಂಟೆ ಕೇಳಿ. ಬೆಳಿಗ್ಗೆ 8ಕ್ಕೆ ಪ್ರಾಗ್ ಬಿಟ್ರೆ 10:30ಕ್ಕೆ ಅಲ್ಲಿ, 1:30ಕ್ಕೆ ಹೊರಟ್ರೆ ಸಂಜೆ 5ರ ಹೊತ್ತಿಗೆ ವಿಯೆನ್ನಾ. ಡಿಸೆಂಬರಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲು, ಆವಾಗ ಇನ್ನೂ ಬೇಗ ಹೊರಡಿ.

ಈ ದಾರೀಲಿ ಕೊನೇಲಿ ಮೆಲ್ಕ್ ಮಠನೂ ಸೇರಿಸ್ಬಹುದು, ವಿಯೆನ್ನಾಗಿಂತ ಸುಮಾರು 85 ಕಿಮೀ ಮುಂಚೆ ಸಿಗತ್ತೆ ಅಂತ ಸೈಟಲ್ಲಿ ತೋರಿಸ್ತಾರೆ. ಆಸೆ ಬೇಡ. ಒಂದು ದಿನಕ್ಕೆ ಒಂದು ದೊಡ್ಡ ಸ್ಟಾಪ್ ಸಾಕು, ಎರಡು ಹಾಕ್ಕೊಂಡೋರು ಎರಡನೇದರಲ್ಲಿ ಕಾರಿಂದ ಇಳಿಯೋಕೂ ಬೇಜಾರು ಪಟ್ಕೊಂಡು ಕೂತಿರ್ತಾರೆ.

ಹೊರಡೋ ದಿನ ಶುಕ್ರವಾರ ಮಧ್ಯಾಹ್ನ ಆಗದಹಾಗೆ ನೋಡ್ಕೊಳ್ಳಿ, ಪ್ರಾಗ್ ಬಿಟ್ಟು ಊರಿಗೆ ಹೋಗೋರೆಲ್ಲ ರಸ್ತೆ ಮೇಲಿರ್ತಾರೆ, ಡಿ1 ಜಾಮ್ ಆಗತ್ತೆ. ಹಾಗೇ ಬೆಂಗಳೂರಿಂದ ಫ್ಲೈಟ್ ಇಳಿದ ದಿನವೇ ಏರ್‌ಪೋರ್ಟಿಂದ ನೇರ ಈ ಪ್ರಯಾಣ ಇಟ್ಕೋಬೇಡಿ. ದುಬೈ, ದೋಹಾ ಕಡೆಯಿಂದ ಬಂದ್ರೆ ಪ್ರಾಗಲ್ಲೇ ಇಮಿಗ್ರೇಷನ್ ಆಗ್ಬೇಕು, 2025ರ ಅಕ್ಟೋಬರ್‌ನಿಂದ ಶುರುವಾದ ಹೊಸ ಎಂಟ್ರಿ-ಎಕ್ಸಿಟ್ ಸಿಸ್ಟಂನಲ್ಲಿ ಬೆರಳಚ್ಚು ಫೋಟೋ ಎಲ್ಲಾ ತಗೋತಾರೆ, ಕ್ಯೂ ಎಷ್ಟುದ್ದ ಅಂತ ಹೇಳೋಕಾಗಲ್ಲ, ಆ ಕಡೆ ಡ್ರೈವರ್ ವೇಟಿಂಗ್ ಮೀಟರ್ ಓಡ್ತಿರತ್ತೆ.

5. ಕೋಟ್ ತಗೊಳ್ಳೋದು, ಸಣ್ಣಕ್ಷರ ಓದೋದು

ಎಲ್ಲಿ ಹುಡುಕೋದು ಅಂದ್ರೆ, ದಾರೀಲಿ ಸ್ಟಾಪ್ ಸೇರಿಸಿ ರೇಟ್ ತೋರಿಸೋ ಡೇಟ್ರಿಪ್ ಥರದ ಸೈಟುಗಳಿವೆ, ಅದು ಪ್ರಾಗ್‌ನಲ್ಲೇ ಹುಟ್ಟಿದ ಕಂಪನಿ. ಚೆಸ್ಕಿ ಕ್ರುಮ್ಲೋವ್ ದಾರಿಗೆ ಸಿಕೆ ಶಟಲ್, ಬೀನ್ ಶಟಲ್ ಅಂತ ಅಲ್ಲಿನ ಕಂಪನಿಗಳಿವೆ, ಶೇರ್ಡ್ ಮತ್ತೆ ಪ್ರೈವೇಟ್ ಎರಡೂ ಮಾಡ್ತಾರೆ. ಹೋಟೆಲ್‌ನವರೂ ಮಾಡಿಸ್ಕೊಡ್ತಾರೆ, ಸ್ವಲ್ಪ ಮೇಲೆ ಹಾಕಿ. ಕನಿಷ್ಠ ಮೂರು ಕಡೆ ಕೇಳಿ, ಒಂದೇ ದಿನಾಂಕ, ಒಂದೇ ಸ್ಟಾಪ್, ಅಷ್ಟೇ ಲಗೇಜ್ ಹೇಳಿ ಕೇಳಿ, ಇಲ್ಲದಿದ್ರೆ ಹೋಲಿಸೋಕಾಗಲ್ಲ.

ಕೋಟ್ ಬಂದಮೇಲೆ ಈ ವಿಷಯಗಳು ಬರವಣಿಗೇಲಿ ಇದೆಯಾ ನೋಡಿ. ರೇಟು ಗಾಡಿಗಾ ತಲೆಗಾ. ಟೋಲ್, ಪಾರ್ಕಿಂಗ್ ಸೇರಿದೆಯಾ. ಚೆಕ್, ಆಸ್ಟ್ರಿಯಾ ಎರಡರಲ್ಲೂ ಕಾರುಗಳಿಗೆ ಟೋಲ್ ಗೇಟ್ ಬದಲು ವಿನ್ಯೆಟ್ ಅಂತಿದೆ, ಇಷ್ಟು ದಿನಕ್ಕೆ ಅಂತ ಮೊದಲೇ ಕಟ್ಟೋ ಹೆದ್ದಾರಿ ಶುಲ್ಕ. ಅದು ಗಾಡಿಯವರ ಖರ್ಚು, ನಿಮ್ಮ ಹತ್ರ ದಾರೀಲಿ ಕೇಳಬಾರದು. ಸ್ಟಾಪಲ್ಲಿ ಎಷ್ಟು ಹೊತ್ತು, ಅದು ದಾಟಿದ್ರೆ ಗಂಟೆಗೆ ಎಷ್ಟು. ಹೋಟೆಲ್ ಹತ್ರ ಎಷ್ಟು ನಿಮಿಷ ಕಾಯ್ತಾರೆ, ಸಾಮಾನ್ಯವಾಗಿ ಹದಿನೈದು ನಿಮಿಷ ಅಷ್ಟೇ ಫ್ರೀ, ಏರ್‌ಪೋರ್ಟಲ್ಲಿ ಒಂದು ಗಂಟೆ. ಕ್ಯಾನ್ಸಲ್ ಯಾವಾಗಿನವರೆಗೆ ಫ್ರೀ, ಹೆಚ್ಚಿನ ಕಡೆ 24 ಗಂಟೆ ಮುಂಚೆ, ಆದ್ರೆ ಅದು ಅವರ ಟೈಮ್, ಬೇಸಿಗೇಲಿ ನಮಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ.

ಕೆಲವು ಸೈಟಲ್ಲಿ ಮೊದಲು ತೋರಿಸೋ ಅಗ್ಗದ ರೇಟು ನೇರ ಪ್ರಯಾಣದ್ದು, ಸ್ಟಾಪ್ ಸೇರಿಸಿದ ಮೇಲೆ ಬರೋದೇ ನಿಮ್ಮ ರೇಟು. ಕೊನೇ ಪೇಜಿನ ಮೊತ್ತನ ಮಾತ್ರ ಹೋಲಿಸಿ.

ಗ್ರೂಪುಗಳಲ್ಲಿ "ನಮ್ಮವರೇ ಒಬ್ರು ಅಲ್ಲಿದಾರೆ, ಸ್ವಂತ ಕಾರಿದೆ, ಅರ್ಧ ರೇಟಿಗೆ ಬಿಡ್ತಾರೆ" ಅನ್ನೋ ಮೆಸೇಜ್ ಓಡಾಡ್ತಾ ಇರತ್ತೆ. ಕನ್ನಡದೋರು ಸಿಕ್ಕಿದ್ರು ಅಂತ ಖುಷಿ ಆಗೋದು ಸಹಜ, ಆದ್ರೆ ಬಾಡಿಗೆಗೆ ಜನ ಸಾಗಿಸೋಕೆ ಅಲ್ಲಿ ಪ್ರತ್ಯೇಕ ಪರ್ಮಿಟ್ ಬೇಕು. ಅದಿಲ್ಲದ ಗಾಡೀಲಿ ದುಡ್ಡು ಕೊಟ್ಟು ಹೋಗಿ ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್ ವಿಷಯದಲ್ಲಿ ತಲೆ ಚಚ್ಕೋಬೇಕಾಗತ್ತೆ. ಸ್ನೇಹಿತರು ದುಡ್ಡಿಲ್ಲದೆ ಕರ್ಕೊಂಡು ಹೋದ್ರೆ ಆ ಮಾತೇ ಬೇರೆ.

6. ದುಡ್ಡು ಕಟ್ಟೋದು

ಕ್ರೆಡಿಟ್ ಕಾರ್ಡಲ್ಲಿ ಕಟ್ಟಿ, ಏನಾದ್ರೂ ತಕರಾರಾದ್ರೆ ಬ್ಯಾಂಕಲ್ಲಿ ಕೇಳೋಕೆ ಒಂದು ದಾರಿ ಇರತ್ತೆ. ಮೊದಲು ಬ್ಯಾಂಕ್ ಆಪಲ್ಲಿ ಇಂಟರ್‌ನ್ಯಾಷನಲ್ ಯೂಸ್ ಆನ್ ಮಾಡಿ. ಪೇಮೆಂಟ್ ಪೇಜಲ್ಲಿ "ರೂಪಾಯಲ್ಲೇ ಕಟ್ಟಿ" ಅಂತ ಬಂದ್ರೆ ಬೇಡ ಅನ್ನಿ, ಯೂರೋ ಅಥವಾ ಚೆಕ್ ಕರೆನ್ಸಿ ಕೊರುನಾದಲ್ಲೇ ಕಟ್ಟಿ. ರೂಪಾಯಿ ನೋಡಿದ ಕೂಡ್ಲೆ ನೆಮ್ಮದಿ ಅನ್ಸತ್ತೆ, ಆದ್ರೆ ಆ ಕನ್ವರ್ಷನ್ ರೇಟು ಅವರಿಟ್ಟಿದ್ದು, ಹೆಚ್ಚು ಕಡಿಮೆ ಯಾವಾಗ್ಲೂ ನಿಮಗೇ ನಷ್ಟ. ಕಾರ್ಡಿನ ಫಾರಿನ್ ಕರೆನ್ಸಿ ಚಾರ್ಜು, ಅದರ ಮೇಲೆ ಜಿಎಸ್‌ಟಿ, ಇದನ್ನೂ ಬಜೆಟ್‌ಗೆ ಸೇರಿಸ್ಕೊಳ್ಳಿ.

ಬುಕಿಂಗನ್ನ ಊರಲ್ಲಿದ್ದಾಗಲೇ ಮುಗಿಸಿ. ಅಲ್ಲಿ ಹೋದಮೇಲೆ ಮಾಡ್ತೀನಿ ಅಂದ್ರೆ ಒಟಿಪಿ ನಿಮ್ಮ ಇಂಡಿಯನ್ ನಂಬರ್‌ಗೆ ಬರ್ಬೇಕು, ಆ ಸಿಮ್ ರೋಮಿಂಗ್ ಇಲ್ದೆ ಪರ್ಸಲ್ಲಿ ಮಲಗಿರತ್ತೆ.

ಡ್ರೈವರ್‌ಗೆ ಕ್ಯಾಷ್ ಕೊಡಿ ಅನ್ನೋ ಆಯ್ಕೆನೂ ಇರತ್ತೆ. ಕೆಟ್ಟದ್ದೇನಲ್ಲ, ಆದ್ರೆ ಎಷ್ಟು, ಯಾವ ಕರೆನ್ಸಿ ಅಂತ ಕನ್ಫರ್ಮೇಷನ್ನಲ್ಲಿ ಇರ್ಲಿ. ಚೆಕ್‌ನಲ್ಲಿ ಕೊರುನಾ, ಆಸ್ಟ್ರಿಯಾದಲ್ಲಿ ಯೂರೋ. ಇಳಿಯುವಾಗ ಕಾರಲ್ಲಿ ಕೂತು ಕರೆನ್ಸಿ ಲೆಕ್ಕ ಹಾಕೋದು ಬೇಡ.

7. ಹಿಂದಿನ ದಿನ

ಡ್ರೈವರ್ ಹೆಸರು, ಗಾಡಿ ನಂಬರ್, ವಾಟ್ಸಾಪ್ ನಂಬರ್ ಹಿಂದಿನ ದಿನ ಸಂಜೆಯೊಳಗೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಕಂಪನಿಗೆ ಮೆಸೇಜ್ ಹಾಕಿ, ಸುಮ್ಮನೆ ಕೂರ್ಬೇಡಿ. ಬುಕಿಂಗಲ್ಲಿ ನಿಮ್ಮ ನಂಬರ್ +91 ಸಮೇತ ಇದೆಯಾ, ಆ ನಂಬರ್ ಅಲ್ಲಿ ಡೇಟಾ ಜೊತೆ ಓಡ್ತಿದೆಯಾ ನೋಡ್ಕೊಳ್ಳಿ.

ಪ್ರಾಗ್ ಹಳೇ ಊರಿನ ಎಷ್ಟೋ ಓಣಿಗಳಿಗೆ ಕಾರು ಬರೋ ಹಾಗಿಲ್ಲ. ಹೋಟೆಲ್ ರಿಸೆಪ್ಷನಲ್ಲಿ "ಕಾರು ಎಲ್ಲಿವರೆಗೆ ಬರತ್ತೆ" ಅಂತ ಕೇಳಿ, ಆ ಜಾಗದ ಮ್ಯಾಪ್ ಲೊಕೇಶನ್ ಡ್ರೈವರ್‌ಗೆ ಕಳಿಸಿ. ಏರ್‌ಬಿಎನ್‌ಬಿ ಅಪಾರ್ಟ್‌ಮೆಂಟಲ್ಲಿ ಇರೋರಿಗೆ ಇದು ಇನ್ನೂ ಮುಖ್ಯ, ಅಲ್ಲಿ ಬೋರ್ಡೂ ಇರಲ್ಲ ರಿಸೆಪ್ಷನ್ನೂ ಇರಲ್ಲ. ವಿಯೆನ್ನಾ ಕಡೆನೂ ಇದೇ ಕಥೆ, ಒಂದನೇ ಡಿಸ್ಟ್ರಿಕ್ಟ್ ಅಂದ್ರೆ ನಡು ಊರಲ್ಲಿ ಗ್ರಾಬೆನ್, ಕೆರ್ಂಟ್ನರ್ ಸ್ಟ್ರಾಸೆ ಸುತ್ತ ನಡೆಯೋರಿಗೆ ಮಾತ್ರ ಅಂತಿರೋ ರಸ್ತೆಗಳಿವೆ. ವಿಳಾಸ ಪೋಸ್ಟಲ್ ಕೋಡ್ ಸಮೇತ ಕಳಿಸಿ.

ಡ್ರೈವರ್‌ಗೆ ಹಾಕೋ ಮೆಸೇಜ್ ಉದ್ದ ಬೇಡ. ನಾಳೆ ಬೆಳಿಗ್ಗೆ 8:00, ಈ ಜಾಗ, ಇಷ್ಟು ಜನ, ಇಷ್ಟು ದೊಡ್ಡ ಬ್ಯಾಗ್, ಬೂಸ್ಟರ್ ಒಂದು, ಚೆಸ್ಕಿ ಕ್ರುಮ್ಲೋವ್‌ನಲ್ಲಿ 3 ಗಂಟೆ, ಆಮೇಲೆ ವಿಯೆನ್ನಾ ಈ ಹೋಟೆಲ್. ಅಷ್ಟೇ. ಅವನು "ಓಕೆ" ಅಂದ ಮೆಸೇಜ್ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಟೈಮ್ 24 ಗಂಟೆ ಲೆಕ್ಕದಲ್ಲಿ ಬರೀರಿ, ಅಲ್ಲಿ ಅದೇ ರೂಢಿ. ಮಾರ್ಚ್ ಕೊನೇ ಭಾನುವಾರ ಅಥವಾ ಅಕ್ಟೋಬರ್ ಕೊನೇ ಭಾನುವಾರ ಹೊರಡೋರಿದ್ರೆ, ಶನಿವಾರ ರಾತ್ರಿ ಕಳೆದು ಭಾನುವಾರ ಬೆಳಗಾಗೋ ಮುಂಚೆನೇ ಅಲ್ಲಿ ಗಡಿಯಾರ ಒಂದು ಗಂಟೆ ಬದಲಾಗತ್ತೆ, ಫೋನ್ ತಾನೇ ಬದಲಾಯಿಸ್ಕೊಳತ್ತೆ, ಅಪ್ಪನ ಕೈಗಡಿಯಾರ ಬದಲಾಗಲ್ಲ.

8. ಹೊರಡೋ ಬೆಳಿಗ್ಗೆ

8 ಗಂಟೆ ಅಂದ್ರೆ 8 ಗಂಟೆಗೆ ಬ್ಯಾಗ್ ಸಮೇತ ಕೆಳಗಿರ್ಬೇಕು, 8ಕ್ಕೆ ತಿಂಡಿಗೆ ಕೂರೋದಲ್ಲ. ಡ್ರೈವರ್‌ಗಳು ಐದ್ಹತ್ತು ನಿಮಿಷ ಮುಂಚೆನೇ ಬಂದಿರ್ತಾರೆ.

ಬ್ಯಾಗ್ ಹತ್ತಿಸೋ ಮುಂಚೆ ಗಾಡಿ ನಂಬರ್ ನೋಡಿ, ಡ್ರೈವರ್ ಬಾಯಿಂದ ನಿಮ್ಮ ಹೆಸರು ಹೇಳಿಸಿ. "ನೀವು ಇಂಥವರಾ" ಅಂತ ಅವನು ಕೇಳ್ಬೇಕೇ ಹೊರತು ನೀವೇ ಹೆಸರು ಹೇಳಿ ಹೌದು ಅನ್ನಿಸ್ಕೋಬಾರದು. ಏರ್‌ಪೋರ್ಟಲ್ಲಾದ್ರೆ ನಿಮ್ಮ ಹೆಸರಿನ ಬೋರ್ಡ್ ಹಿಡಿದೋನ ಹತ್ರ ಮಾತ್ರ ಹೋಗಿ, "ಟ್ಯಾಕ್ಸಿ ಟ್ಯಾಕ್ಸಿ" ಅಂತ ಬೆನ್ನು ಹತ್ತೋರನ್ನ ಬಿಟ್ಟಾಕಿ.

ಔಷಧಿ, ನೀರು, ಸ್ವೆಟರ್, ಚಾರ್ಜರ್, ಪಾಸ್‌ಪೋರ್ಟ್ ಒಂದು ಚಿಕ್ಕ ಬ್ಯಾಗಲ್ಲಿ ಕಾಲ ಹತ್ರ ಇರ್ಲಿ. ಚಿಲ್ರೆನೂ ಇರ್ಲಿ, ಎರಡೂ ಕರೆನ್ಸೀದು, ಎಷ್ಟೋ ಕಡೆ ಟಾಯ್ಲೆಟ್‌ಗೆ ದುಡ್ಡು ಕೊಡ್ಬೇಕು. ವಾಂತಿ ಆಗೋ ಅಭ್ಯಾಸ ಇರೋರಿಗೆ ಮಾತ್ರೆ ಹೊರಡೋ ಮುಂಚೆನೇ ಕೊಡಿ, ಮುಂದಿನ ಸೀಟು ಬಿಟ್ಕೊಡಿ, ಕ್ರುಮ್ಲೋವ್ ಆಸುಪಾಸಿನ ರಸ್ತೆ ಹೆದ್ದಾರಿ ಥರ ನೇರ ಇಲ್ಲ.

9. ದಾರೀಲಿ

ಸೀಟ್ ಬೆಲ್ಟ್ ಹಿಂದಿನ ಸೀಟಲ್ಲೂ ಕಡ್ಡಾಯ. ಹಿಂದೆ ಕೂತಿರೋ ಅಜ್ಜಿಗೂ.

ತಿಂಡಿ ತಿನ್ನೋ ಮುಂಚೆ ಡ್ರೈವರ್‌ನ ಕೇಳಿ. ನೀರು, ಬಿಸ್ಕೆಟ್‌ಗೆ ಯಾರೂ ಏನೂ ಅನ್ನಲ್ಲ, ಪುಳಿಯೋಗರೆ ಡಬ್ಬ ತೆಗೆದ್ರೆ ಕಾರೆಲ್ಲ ಘಮ್ಮನ್ನತ್ತೆ, ನಮಗೆ ಘಮ, ಅವನಿಗೆ ನಾಳೆ ಬೆಳಿಗ್ಗೆ ಬೇರೆ ಗಿರಾಕಿ. ಪೆಟ್ರೋಲ್ ಬಂಕಲ್ಲಿ ನಿಲ್ಸಿದಾಗ ಹೊರಗೆ ಬೆಂಚ್ ಇರತ್ತೆ, ಅಲ್ಲಿ ಆರಾಮಾಗಿ ಕೂತು ತಿನ್ನಿ. ಟಾಯ್ಲೆಟ್ ಸ್ಟಾಪ್‌ಗೆ ದುಡ್ಡಿಲ್ಲ, ಸಂಕೋಚ ಪಡ್ದೆ ಕೇಳಿ, ಆದ್ರೆ ಹೆದ್ದಾರೀಲಿ ಎಲ್ಲಂದ್ರಲ್ಲಿ ನಿಲ್ಲಿಸೋಕಾಗಲ್ಲ, ಹತ್ತಿಪ್ಪತ್ತು ನಿಮಿಷ ಮುಂಚೆನೇ ಹೇಳಿ. ಸಸ್ಯಾಹಾರಿಗಳು ಕ್ರುಮ್ಲೋವಲ್ಲಿ ಸೂಪ್ ಹೇಳೋ ಮುಂಚೆ ಮಾಂಸದ ಸಾರಿಂದ ಮಾಡಿದ್ದಾ ಅಂತ ವಿಚಾರಿಸಿ, ತರಕಾರಿ ಸೂಪ್ ಅಂತ ಹೆಸರಿದ್ರೂ ವಿಚಾರಿಸಿ.

ಡ್ರೈವರ್ ಗೈಡ್ ಅಲ್ಲ. ಇಂಗ್ಲಿಷ್ ಮಾತಾಡ್ತಾನೆ, ಕೇಳಿದ್ರೆ ನಾಲ್ಕು ವಿಷಯ ಹೇಳ್ತಾನೆ, ಒಳಗೆ ಜೊತೇಲಿ ಬರಲ್ಲ. ಗೈಡ್ ಬೇಕಂದ್ರೆ ಬೇರೆ ಬುಕ್ ಮಾಡ್ಬೇಕು. ಸ್ಟಾಪಲ್ಲಿ ಇಳಿಯೋ ಮುಂಚೆ ಮೂರು ಕೆಲಸ. ಎಷ್ಟು ಗಂಟೆಗೆ ವಾಪಸ್ ಅಂತ ಫೋನಲ್ಲಿ ಟೈಪ್ ಮಾಡಿ ತೋರಿಸಿ ಒಪ್ಪಿಸಿ. ಕಾರು ನಿಂತಿರೋ ಜಾಗದ ಲೊಕೇಶನ್ ಸೇವ್ ಮಾಡಿ, ಪಾರ್ಕಿಂಗ್‌ಗಳು ಒಂದಕ್ಕಿಂತ ಹೆಚ್ಚಿವೆ, ಪಿ1ರಲ್ಲಿ ಇಳಿದು ಇನ್ನೊಂದು ಪಾರ್ಕಿಂಗಲ್ಲಿ ಹುಡುಕೋರು ಬೇಕಾದಷ್ಟು ಜನ. ಪಾಸ್‌ಪೋರ್ಟ್, ದುಡ್ಡು, ಲ್ಯಾಪ್‌ಟಾಪ್ ಜೊತೇಲಿ ತಗೊಂಡು ಹೋಗಿ. ಸೂಟ್‌ಕೇಸ್‌ಗಳು ಡಿಕ್ಕೀಲೇ ಇರ್ಲಿ.

ದಾರೀಲಿ ಮನಸ್ಸು ಬದಲಾಗಿ ಇನ್ನೊಂದು ಊರು ನೋಡ್ಬೇಕು ಅನ್ಸಿದ್ರೆ ಡ್ರೈವರ್ ಜೊತೆ ಬಾಯಿಮಾತಲ್ಲಿ ಒಪ್ಪಂದ ಬೇಡ. ಎಷ್ಟು ಜಾಸ್ತಿ ಅಂತ ಕಂಪನಿ ಚಾಟಲ್ಲಿ ಕೇಳಿ, ಅಲ್ಲಿ ಬರೆಸ್ಕೊಂಡು ಆಮೇಲೆ ತಿರುಗಿಸಿ. ಡ್ರೈವರ್ ಸ್ಪೀಡ್ ಜಾಸ್ತಿ ಅನ್ಸಿದ್ರೆ ಹೇಳೋಕೆ ಹಿಂಜರಿಬೇಡಿ, ಎರಡೂ ದೇಶದಲ್ಲಿ ಹೆದ್ದಾರಿಯ ಸಾಮಾನ್ಯ ಮಿತಿ 130 ಇದೆ, ನಮ್ಮ ಹಿರಿಯರಿಗೆ ಅದೇ ಎದೆ ಝಲ್ ಅನ್ನಿಸತ್ತೆ, "ಅಮ್ಮನಿಗೆ ಹೆದರಿಕೆ, ಸ್ವಲ್ಪ ನಿಧಾನ" ಅಂದ್ರೆ ಬೇಜಾರಿಲ್ಲದೆ ಕಮ್ಮಿ ಮಾಡ್ತಾರೆ. ಏನಾದ್ರೂ ಅಪಾಯ ಆದ್ರೆ ಎರಡೂ ದೇಶದಲ್ಲಿ 112.

10. ವಿಯೆನ್ನಾ ಮುಟ್ಟಿದ ಮೇಲೆ

ಭಾನುವಾರ ಮುಟ್ಟೋರು ನೆನಪಿಟ್ಕೊಳ್ಳಿ, ಆಸ್ಟ್ರಿಯಾದಲ್ಲಿ ಅವತ್ತು ಅಂಗಡಿ, ಸೂಪರ್‌ಮಾರ್ಕೆಟ್ ಬಹುತೇಕ ಬಾಗಿಲು. ಹಾಲು, ಮೊಸರು, ಬ್ರೆಡ್ ಚೆಕ್ ಕಡೆಯಲ್ಲೇ ತಗೊಂಡು ಬನ್ನಿ, ದೊಡ್ಡ ರೈಲ್ವೇ ಸ್ಟೇಷನ್ ಒಳಗಿನ ಕೆಲವು ಅಂಗಡಿ ಮಾತ್ರ ತೆಗ್ದಿರತ್ತೆ.

ಡ್ರೈವರ್ ಬ್ಯಾಗ್‌ಗಳನ್ನ ಫುಟ್‌ಪಾತ್‌ವರೆಗೆ ಇಳಿಸ್ಕೊಡ್ತಾನೆ, ಮೂರನೇ ಮಹಡಿಗೆ ಹೊತ್ತು ತರೋದು ಅವನ ಕೆಲಸ ಅಲ್ಲ. ಟಿಪ್ಸ್ ಕಡ್ಡಾಯ ಇಲ್ಲ. ದಿನವೆಲ್ಲ ಚೆನ್ನಾಗಿ ನೋಡ್ಕೊಂಡಿದ್ರೆ ಹತ್ತಿಪ್ಪತ್ತು ಯೂರೋ ಕೈಗೆ ಕೊಡಿ. ಊಟದ ದುಡ್ಡು, ಬಾಟಾ ಅಂತ ಬೇರೆ ಕೊಡ್ಬೇಕಿಲ್ಲ, ಕೇಳಿದ್ರೆ ಬುಕಿಂಗ್ ತೋರಿಸಿ. ಜಾಸ್ತಿ ದುಡ್ಡಿನ ತಕರಾರು ಬಂದ್ರೆ ಫುಟ್‌ಪಾತಲ್ಲಿ ಜಗಳಕ್ಕೆ ನಿಲ್ಬೇಡಿ, ಕಂಪನಿಗೆ ಅಲ್ಲೇ ಚಾಟಲ್ಲಿ ಬರೀರಿ, ಆ ಓಕೆ ಮೆಸೇಜಿನ ಸ್ಕ್ರೀನ್‌ಶಾಟ್ ಹಾಕಿ.

ಬ್ಯಾಗ್ ಎಣಿಸಿ. ಸೀಟಿನ ಹಿಂದಿನ ಪಾಕೆಟ್, ಸೀಟ್ ಸಂದಿ, ಮಗುವಿನ ಸೀಟ್ ಕೆಳಗೆ ಕೈ ಹಾಕಿ ನೋಡಿ, ಕನ್ನಡಕ, ಪವರ್ ಬ್ಯಾಂಕ್ ಅಲ್ಲೇ ಜಾರಿರತ್ತೆ. ಏನಾದ್ರೂ ಬಿಟ್ಟಿದ್ದು ಅರ್ಧ ಗಂಟೇಲಿ ನೆನಪಾದ್ರೆ ತಕ್ಷಣ ಡ್ರೈವರ್‌ಗೆ ಫೋನ್ ಮಾಡಿ, ವಿಯೆನ್ನಾ ದಾಟೋ ಮುಂಚೆ ಆದ್ರೆ ವಾಪಸ್ ತಂದುಕೊಡೋ ಸಾಧ್ಯತೆ ಇರತ್ತೆ, ಗಡಿ ದಾಟಿ ಪ್ರಾಗ್ ಮುಟ್ಟಿಬಿಟ್ರೆ ಕೊರಿಯರ್ ದುಡ್ಡು ನಿಮ್ಮದೇ.